ಸೋದರಮಾವ ಆತ್ಮಹತ್ಯೆ ಮಾಡ್ಕೊಂಡಿದ್ರು, ಈಗ ಅವರ ಮಗಳ ಜೊತೆ ನನ್ನ ಮದುವೆ ಮಾತು ನಡೀತಿದೆ. ಇದು ವಂಶದಲ್ಲಿ ಬರೋ ಅಂಥದ್ದಾ?

ಕಲ್ಪತರು_29 ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಈ ವಿಷಯ ಮನೇಲಿ ಯಾರ ಹತ್ರನೂ ಬಾಯಿ ಬಿಟ್ಟು ಕೇಳೋ ಹಾಗಿಲ್ಲ, ಫ್ರೆಂಡ್ಸ್ ಹತ್ರ ಹೇಳಿದ್ರೆ ಸಂಜೆ ಒಳಗೆ ಊರಿಗೆಲ್ಲಾ ಗೊತ್ತಾಗುತ್ತೆ, ಅದಕ್ಕೇ ಇಲ್ಲಿ ಬರೀತಿದೀನಿ. ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ತುಮಕೂರು ಕಡೆ ಹಳ್ಳಿ, ತೆಂಗಿನ ತೋಟ ಇದೆ, ನಂಗೀಗ 29. ಅಮ್ಮನ ತಮ್ಮ, ಅಂದ್ರೆ ನನ್ನ ಸೋದರಮಾವ, 2005ರಲ್ಲಿ ಆತ್ಮಹತ್ಯೆ ಮಾಡ್ಕೊಂಡ್ರು, ಆಗ ಅವರಿಗೆ 36 ವರ್ಷ. ನಾನು ಚಿಕ್ಕವನು, ಮನೆ ತುಂಬಾ ಜನ ಸೇರಿದ್ದು, ನನ್ನನ್ನ ಪಕ್ಕದ ಮನೆಗೆ ಕಳಿಸಿದ್ದು ಅಷ್ಟೇ ನೆನಪು. ತಾತನ ಅಣ್ಣ ಒಬ್ರು ಕೂಡ ಹಾಗೇ ಹೋಗಿದ್ದು ಅಂತ ಅಜ್ಜಿ ಒಂದ್ಸಲ ಬಾಯ್ತಪ್ಪಿ ಹೇಳಿದ್ರು, ಅಮ್ಮ ತಕ್ಷಣ ಮಾತು ಬೇರೆ ಕಡೆ ತಿರುಗಿಸಿದ್ರು.

ಈಗ ಮಾವನ ಮಗಳನ್ನೇ ನಂಗೆ ತಂದ್ಕೋಬೇಕು ಅಂತ ದೊಡ್ಡೋರೆಲ್ಲ ಮಾತಾಡ್ತಿದಾರೆ. ಅವಳಿಗೆ 26, ಬ್ಯಾಂಕಲ್ಲಿ ಕೆಲಸ. ಚಿಕ್ಕಂದಿನಿಂದ ಜೊತೇಲಿ ಆಡಿ ಬೆಳೆದೋರು, ನಂಗೆ ಅವಳು ಅಂದ್ರೆ ಇಷ್ಟ, ಅವಳಿಗೂ ಒಪ್ಪಿಗೆ ಇದೆ. ನಾನೂ ಖುಷಿಯಾಗೇ ಇದ್ದೆ, ಹೋದ ತಿಂಗಳು ಅಟ್ಟ ಕ್ಲೀನ್ ಮಾಡೋವರೆಗೂ. ಅಟ್ಟದಲ್ಲಿ ಮಾವನ ತಗಡಿನ ಟ್ರಂಕ್ ಸಿಕ್ತು. ಅದರಲ್ಲಿ ಆಸ್ಪತ್ರೆ ಚೀಟಿಗಳು ಒಂದು ಕಟ್ಟು, ರಬ್ಬರ್ ಬ್ಯಾಂಡ್ ಕರಗಿ ಕಾಗದಕ್ಕೇ ಅಂಟ್ಕೊಂಡಿತ್ತು. ಚೀಟಿಗಳ ಮೇಲೆಲ್ಲ ಬಿಪಿಎಡಿ ಅಂತ ಬರೆದಿದೆ, ಅಂದ್ರೆ ಬೈಪೋಲಾರ್, ಸ್ವಲ್ಪ ಕಾಲ ಮನಸ್ಸು ಮಿತಿಮೀರಿ ಉಬ್ಬಿ ಸ್ವಲ್ಪ ಕಾಲ ಪೂರ್ತಿ ಕುಗ್ಗೋ ಕಾಯಿಲೆ, ಅದಕ್ಕೆ ಕೊಡೋ ಮಾತ್ರೆ ಲಿಥಿಯಂ 300 ಅಂತನೂ ಬರೆದಿದೆ. ಕೊನೇ ಚೀಟಿ ಮಾರ್ಚ್ 2004ರದ್ದು. ಅದರ ಜೊತೆಗೇ ಒಂದು ಲೆಕ್ಕದ ಪುಸ್ತಕ. 2002ರಲ್ಲಿ ಒಂದೇ ತಿಂಗಳಲ್ಲಿ ಎರಡು ಬೋರ್‌ವೆಲ್‌ಗೆ ಅಡ್ವಾನ್ಸ್, ಹಳೇ ಜೀಪ್ ಒಂದು, ಜಾತ್ರೇಲಿ ಊರವರಿಗೆಲ್ಲ ಊಟ, ಇನ್ನೂರು ತೆಂಗಿನ ಸಸಿ, ಹೀಗೆ ಪುಟಗಟ್ಟಲೆ ಖರ್ಚು ಬರೆದಿದಾರೆ. ಅಕ್ಷರ ದೊಡ್ಡದಾಗ್ತಾ ಆಗ್ತಾ ಗೆರೆ ದಾಟಿ ಹೋಗಿದೆ. ಆಮೇಲೆ ನಾಲ್ಕೈದು ತಿಂಗಳು ಪುಟ ಖಾಲಿ, ದಿನಾಂಕ ಕೂಡ ಇಲ್ಲ.

ಅಮ್ಮನ್ನ ಕೇಳಿದ್ದಕ್ಕೆ ತುಂಬಾ ಹೊತ್ತು ಸುಮ್ನಿದ್ದು, ಹುಷಾರಾಗಿದ್ದ ಕಣೋ, ಮಾತ್ರೆ ಯಾಕೆ ಸುಮ್ನೆ ಅಂತ ನಾವೇ ನಿಲ್ಲಿಸಿದ್ವಿ ಅಂದ್ರು. ಅಷ್ಟು ಹೇಳಿ ಒಳಗೆ ಹೋದ್ರು, ಮತ್ತೆ ಆ ಮಾತು ಎತ್ತೋಕೆ ನಂಗೆ ಧೈರ್ಯ ಆಗ್ಲಿಲ್ಲ.

ಗೂಗಲ್ ಮಾಡಿದ್ರೆ ಬೈಪೋಲಾರ್ 80 ಪರ್ಸೆಂಟ್ ವಂಶಪಾರಂಪರ್ಯ ಅಂತ ಬರುತ್ತೆ, ಅಂಥ ಕಾಯಿಲೆ ಇರೋರಲ್ಲಿ 15 ಪರ್ಸೆಂಟ್ ಜನ ಆತ್ಮಹತ್ಯೆ ಮಾಡ್ಕೋತಾರೆ ಅಂತನೂ ಬರುತ್ತೆ, ಓದಿದಾಗಿಂದ ನಿದ್ದೆ ಬರ್ತಿಲ್ಲ. ಅವಳಿಗೆ ಬರುತ್ತಾ, ನಂಗೆ ಬರುತ್ತಾ, ಇಬ್ರೂ ಒಂದೇ ರಕ್ತ, ನಾಳೆ ಹುಟ್ಟೋ ಮಗು ಗತಿ ಏನು? ಎಲ್ಲಕ್ಕಿಂತ ದೊಡ್ಡ ಕಷ್ಟ ಇನ್ನೊಂದಿದೆ. ಅವಳಿಗೆ ಅವಳಪ್ಪ ಹಾರ್ಟ್ ಅಟ್ಯಾಕಲ್ಲಿ ಹೋದ್ರು ಅಂತ ಹೇಳಿದಾರೆ. ನಾನೇ ಹೇಳ್ಬೇಕಾ? ಹೇಳದೇ ಮದುವೆ ಆಗೋದು ಮೋಸ ಅನ್ಸುತ್ತೆ.

ಮಲ್ಲಿಗೆ_ಡಾಕ್ಟ್ರು ಉತ್ತರ:

ನಾನು ಸೈಕಿಯಾಟ್ರಿ ಓದಿ, ಆರು ವರ್ಷದಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡ್ತಿದೀನಿ. ನೀವು ಬರೆದಿದ್ದನ್ನ ಎರಡು ಸಲ ಓದಿದೆ. ಆ ಲೆಕ್ಕದ ಪುಸ್ತಕ ದಯವಿಟ್ಟು ಜೋಪಾನವಾಗಿ ಇಟ್ಕೊಳ್ಳಿ. ಒಂದು ಗಂಟೆ ಕೂತು ಕೇಳಿದ್ರೂ ನಮಗೆ ಸಿಗದ ವಿವರ ಅದರಲ್ಲಿದೆ, ದುಡ್ಡು ಚೆಲ್ಲಿದ ತಿಂಗಳೂ ಇದೆ, ಏಳೋಕೂ ಆಗದೇ ಮಲಗಿದ ತಿಂಗಳೂ ಇದೆ.

ಮೊದಲು ಆ 15 ಪರ್ಸೆಂಟ್ ವಿಷಯ. ಅದು 1970ರಲ್ಲಿ ಗೂಝ್ ಮತ್ತು ರಾಬಿನ್ಸ್ ಅನ್ನೋ ಇಬ್ರು ಅಮೆರಿಕದ ವೈದ್ಯರು ಬರೆದ ಲೇಖನದಿಂದ ಬಂದಿದ್ದು. ಅವತ್ತು ಸಿಗ್ತಾ ಇದ್ದ ಅಧ್ಯಯನಗಳೆಲ್ಲ ಬಹುಪಾಲು ಆಸ್ಪತ್ರೆಗೆ ಸೇರಿದ ತೀವ್ರ ಕಾಯಿಲೆಯವರದ್ದು, ಅದೂ ಕೆಲವು ವರ್ಷ ಮಾತ್ರ ಫಾಲೋ ಮಾಡಿದ್ದು, ಅಷ್ಟರೊಳಗೆ ಸತ್ತವರಲ್ಲಿ ಎಷ್ಟು ಜನ ಆತ್ಮಹತ್ಯೆ ಅನ್ನೋ ಲೆಕ್ಕ. ವಯಸ್ಸಾಗಿ ಬೇರೆ ಕಾಯಿಲೆಯಿಂದ ಹೋಗೋರು ಆ ಲೆಕ್ಕಕ್ಕೆ ಇನ್ನೂ ಬಂದೇ ಇರಲಿಲ್ಲ, ಹಾಗಾಗಿ ನಂಬರ್ ಊದ್ಕೊಂಡಿತ್ತು. 2000ದಲ್ಲಿ ಬೋಸ್ಟ್‌ವಿಕ್ ಮತ್ತು ಪ್ಯಾಂಕ್ರಾಟ್ಝ್ ಮತ್ತೆ ಲೆಕ್ಕ ಹಾಕಿದ್ರು. ಸಾಯೋ ಯೋಚನೆ ಅಥವಾ ಪ್ರಯತ್ನದಿಂದಲೇ ಅಡ್ಮಿಟ್ ಆದವರಲ್ಲಿ 8.6 ಪರ್ಸೆಂಟ್, ಬೇರೆ ಕಾರಣಕ್ಕೆ ಅಡ್ಮಿಟ್ ಆದ ಮೂಡ್ ಕಾಯಿಲೆಯವರಲ್ಲಿ, ಅಂದ್ರೆ ಬೈಪೋಲಾರ್, ಡಿಪ್ರೆಶನ್ ಥರದ ಕಾಯಿಲೆ ಇರೋರಲ್ಲಿ 4, ಹೊರರೋಗಿಗಳನ್ನೂ ಸೇರಿಸಿ ನೋಡಿದ್ರೆ 2.2. ಡೆನ್ಮಾರ್ಕಲ್ಲಿ ಆಸ್ಪತ್ರೆ ಮೆಟ್ಟಿಲು ಹತ್ತಿದವರನ್ನ 36 ವರ್ಷದವರೆಗೂ ಹಿಂಬಾಲಿಸಿದ ಲೆಕ್ಕ 2011ರಲ್ಲಿ ಬಂತು, ಅಲ್ಲಿ ಬೈಪೋಲಾರ್ ಇರೋ ಗಂಡಸರಲ್ಲಿ ಸುಮಾರು 8, ಹೆಂಗಸರಲ್ಲಿ ಸುಮಾರು 5. ಇವು ಸಣ್ಣ ನಂಬರ್ ಅಂತ ನಾನು ಹೇಳಲ್ಲ, ನನ್ನ ಪೇಷೆಂಟ್‌ಗಳನ್ನೇ ಕಳ್ಕೊಂಡಿದೀನಿ. ಆದ್ರೆ ಇದೆಲ್ಲ ಕಾಯಿಲೆ ಇರೋರ ಲೆಕ್ಕ. ಕಾಯಿಲೆ ಇದ್ದವರ ಅಳಿಯನದ್ದಲ್ಲ, ಮಗಳದ್ದೂ ಅಲ್ಲ.

ಇನ್ನು 80 ಪರ್ಸೆಂಟ್. ಅವಳಿಜವಳಿ ಮಕ್ಕಳ ಅಧ್ಯಯನಗಳಲ್ಲಿ ಬೈಪೋಲಾರ್‌ನ ಹೆರಿಟೆಬಿಲಿಟಿ, ಅಂದ್ರೆ ವಂಶಪಾರಂಪರ್ಯದ ಪಾಲು, 60ರಿಂದ 85 ಪರ್ಸೆಂಟ್‌ವರೆಗೆ ಬರುತ್ತೆ, ಡಿಪ್ರೆಶನ್‌ದು 37ರ ಆಸುಪಾಸು. ಇದನ್ನ ಓದಿದವರೆಲ್ಲ ಮಾಡೋ ತಪ್ಪು ಅಂದ್ರೆ ನಂಗೆ ಬರೋ ಛಾನ್ಸು ಎಂಬತ್ತು ಅಂದ್ಕೊಳ್ಳೋದು. ನಿಮ್ಮದು ತೆಂಗಿನ ತೋಟ ಅಂದ್ರಲ್ಲ. ಇಡೀ ತೋಟಕ್ಕೆ ಒಂದೇ ಸಮ ನೀರು ಗೊಬ್ಬರ ಸಿಕ್ರೆ, ಈ ಮರಕ್ಕೂ ಆ ಮರಕ್ಕೂ ಕಾಯಿ ಹೆಚ್ಚುಕಡಿಮೆ ಬಂದಿದ್ದು ಬಹುಪಾಲು ತಳಿಯಿಂದ ಅಂತೀರಿ. ಅದೇ ಒಂದು ಬೋರ್ ಬತ್ತಿ ಅರ್ಧ ತೋಟ ಒಣಗಿದ್ರೆ ಆ ವ್ಯತ್ಯಾಸ ನೀರಿಂದು, ತಳಿ ಅದೇ ಇದ್ರೂ. ಹೆರಿಟೆಬಿಲಿಟಿ ಅನ್ನೋದು ಹೀಗೆ ಇಡೀ ತೋಟದ ಮರಗಳ ನಡುವಿನ ವ್ಯತ್ಯಾಸದ ಲೆಕ್ಕ. ಒಂದು ಮರದ ಹತ್ರ ನಿಂತು ಇದರ ಹಣೆಬರಹ ಎಂಬತ್ತು ಪರ್ಸೆಂಟ್ ಅನ್ನೋಕೆ ಆಗಲ್ಲ.

ಒಬ್ಬೊಬ್ಬರ ಅಪಾಯ ಬೇಕಂದ್ರೆ ಬೇರೆ ಥರ ನೋಡ್ಬೇಕು. ಡೆನ್ಮಾರ್ಕ್ ದೇಶದ ದಾಖಲೆ ಇಟ್ಕೊಂಡು 2010ರಲ್ಲಿ ಒಂದು ಲೆಕ್ಕ ಬಂತು. ಅಪ್ಪ ಅಮ್ಮ ಇಬ್ಬರೂ ಬೈಪೋಲಾರ್‌ಗೆ ಅಡ್ಮಿಟ್ ಆಗಿದ್ರೆ, ಮಕ್ಕಳಿಗೆ 52 ವಯಸ್ಸಿನೊಳಗೆ ಅದೇ ಕಾಯಿಲೆಗೆ ಅಡ್ಮಿಟ್ ಆಗೋ ಸಾಧ್ಯತೆ 24.9 ಪರ್ಸೆಂಟ್. ಒಬ್ಬರಿಗೆ ಮಾತ್ರ ಇದ್ರೆ 4.4. ಇಬ್ಬರಿಗೂ ಇಲ್ದಿದ್ರೆ 0.48. ಅಡ್ಮಿಟ್ ಆಗದ ಹಗುರ ಕೇಸುಗಳನ್ನೂ ಸೇರಿಸೋ ಬೇರೆ ಅಧ್ಯಯನಗಳಲ್ಲಿ, ಅಪ್ಪ ಅಮ್ಮ ಅಥವಾ ಒಡಹುಟ್ಟಿದವರಿಗೆ ಇದ್ದವರಲ್ಲಿ 5ರಿಂದ 10 ಅಂತಾರೆ. ನಿಮ್ಮ ಮಾವನ ಮಗಳು ಆ ಗುಂಪಿಗೆ ಬರ್ತಾರೆ. ಈ ಕಾಯಿಲೆ ಬಹುತೇಕ ಹದಿಹರೆಯದ ಕೊನೆಗೋ ಇಪ್ಪತ್ತರ ಆಸುಪಾಸಲ್ಲೋ ಶುರುವಾಗೋದು, ಅವರಿಗೆ 26 ಆಗಿದೆ, ಏನೂ ಆಗಿಲ್ಲ, ಅಂದ್ರೆ ಅಪಾಯದ ಒಂದು ಭಾಗ ಹಿಂದೆ ಹೋಯ್ತು. ನೀವು ಸೋದರಳಿಯ, ನಿಮ್ಮದು ಅದಕ್ಕಿಂತ ಕಡಿಮೆ. ಮಗುಗೆ ಎರಡೂ ಕಡೆಯಿಂದ ಒಂದೇ ಮನೆತನ ಬರೋದ್ರಿಂದ ಊರಿನ ಬೇರೆ ಮಗುಗಿಂತ ಸ್ವಲ್ಪ ಜಾಸ್ತಿ ಇರುತ್ತೆ, ಆದ್ರೆ ನಿಮ್ಮಿಬ್ರಿಗೂ ಕಾಯಿಲೆ ಇಲ್ದೇ ಇರೋವಾಗ ಆ 24.9ರ ಹತ್ತಿರ ಅದು ಸುಳಿಯೋದೂ ಇಲ್ಲ.

ಜೀನ್ ಟೆಸ್ಟ್ ಮಾಡಿಸೋಣ ಅಂತ ಯಾರಾದ್ರೂ ಹೇಳಿದ್ರೆ ದುಡ್ಡು ಹಾಕ್ಬೇಡಿ. ಒಂದೇ ಜೀನ್ ಅಂತ ಇಲ್ಲ. 2021ರ ದೊಡ್ಡ ಅಧ್ಯಯನದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಬೈಪೋಲಾರ್ ರೋಗಿಗಳ ಡಿಎನ್‌ಎ ನೋಡಿದಾಗ 64 ಜಾಗ ಸಿಕ್ತು, ಒಂದೊಂದರ ಪಾಲೂ ಸಾಸಿವೆ ಕಾಳಷ್ಟು. ನಮ್ಮಲ್ಲೂ 2016ರಿಂದ ಬೆಂಗಳೂರಲ್ಲಿ ನಿಮ್ಹಾನ್ಸ್‌ನವರು ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಅನ್ನೋ ಸಂಶೋಧನಾ ಸಂಸ್ಥೆಗಳ ಜೊತೆ ಸೇರಿ, ಒಂದೇ ಮನೇಲಿ ಇಬ್ಬರು ಮೂವರಿಗೆ ಇಂಥ ಕಾಯಿಲೆ ಇರೋ ಕುಟುಂಬಗಳನ್ನ ಅಧ್ಯಯನ ಮಾಡ್ತಿದಾರೆ. ಅದು ಸಂಶೋಧನೆ, ನಿಮಗೆ ಬರುತ್ತಾ ಇಲ್ವಾ ಅಂತ ರಿಪೋರ್ಟ್ ಕೊಡೋಕೆ ಅಲ್ಲ.

ಸಂಬಂಧದಲ್ಲಿ ಮದುವೆ ಬಗ್ಗೆ ನಿಜವಾಗ್ಲೂ ಕೇಳ್ಬೇಕಾದ್ದು ಬೇರೆ ಇದೆ. ಹುಟ್ಟು ಕಿವುಡುತನ, ಕೆಲವು ರಕ್ತದ ಕಾಯಿಲೆ, ಮೆಟಬಾಲಿಕ್ ಕಾಯಿಲೆ, ಇವೆಲ್ಲ ಸೋದರಿಕೆ ಮದುವೆಗಳಲ್ಲಿ ಹೆಚ್ಚು, ಸಾಮಾನ್ಯವಾಗಿ ನೂರಕ್ಕೆ ಎರಡು ಮೂರು ಮಕ್ಕಳಲ್ಲಿ ಕಾಣೋ ಹುಟ್ಟು ತೊಂದರೆ ಸುಮಾರು ಎರಡು ಪಟ್ಟಾಗುತ್ತೆ. ನಮ್ಮ ರಾಜ್ಯದಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲೊಂದು ಮದುವೆ ಸಂಬಂಧದಲ್ಲೇ ಆಗೋದು, ಆದ್ರೂ ಮದುವೆಗೆ ಮುಂಚೆ ವಂಶದ ಕಾಯಿಲೆಗಳ ಬಗ್ಗೆ ಸಲಹೆ ಕೊಡೋ ಜೆನೆಟಿಕ್ ಕೌನ್ಸೆಲಿಂಗ್‌ಗೆ ಬರೋರು ಬೆರಳೆಣಿಕೆ. ನೀವಿಬ್ರೂ ಹೋಗಿ ಬನ್ನಿ.

ಒಂದು ಮಾತು ಅಮ್ಮನಿಗೆ. ಹುಷಾರಾದ ಮೇಲೆ ಮಾತ್ರೆ ನಿಲ್ಲಿಸೋದು ನಾನು ವಾರಕ್ಕೆರಡು ಸಲ ನೋಡೋ ವಿಷಯ, ಪ್ರೀತಿಯಿಂದಲೇ ನಿಲ್ಲಿಸ್ತಾರೆ, ಮಾತ್ರೆ ಜಾಸ್ತಿ ತಗೊಂಡ್ರೆ ಮಂಕಾಗ್ತಾನೆ ಅಂತ. ಲಿಥಿಯಂ ಏಕಾಏಕಿ ನಿಲ್ಲಿಸಿದ್ರೆ ಕಾಯಿಲೆ ಮರುಕಳಿಸೋ ಅಪಾಯ ಜಾಸ್ತಿ ಅನ್ನೋದನ್ನ ಹಳ್ಳಿ ಮನೆಗೆ ಕೂರಿಸ್ಕೊಂಡು ಹೇಳೋದು ಡಾಕ್ಟರ ಕೆಲಸ ಆಗಿತ್ತು. ಅದು ನಿಮ್ಮ ಅಮ್ಮನ ತಪ್ಪಲ್ಲ, ಇದನ್ನ ಅವರಿಗೆ ಹೇಳಿ, ಇಪ್ಪತ್ತು ವರ್ಷದಿಂದ ಅದನ್ನ ಹೊತ್ಕೊಂಡಿದಾರೆ ಅನ್ಸುತ್ತೆ ನಂಗೆ.

ನಿಮಗೇ ನಿದ್ದೆ ಬರ್ತಿಲ್ಲ ಅಂದ್ರಲ್ಲ, ಎರಡು ವಾರಕ್ಕಿಂತ ಜಾಸ್ತಿ ಆಗಿದ್ರೆ ಹತ್ರದ ಜಿಲ್ಲಾಸ್ಪತ್ರೆ ಮಾನಸಿಕ ವಿಭಾಗಕ್ಕೆ ಹೋಗಿ ಬನ್ನಿ. ರಾತ್ರಿ ಹೊತ್ತು ತಡೆಯೋಕಾಗ್ದೇ ಇದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ದಿನದ ಇಪ್ಪತ್ನಾಲ್ಕು ಗಂಟೆ, ಕನ್ನಡದಲ್ಲೇ ಮಾತಾಡ್ಬಹುದು, ಕಾಸಿಲ್ಲ.

ಹಿರಿಯಜ್ಜ ಉತ್ತರ:

ಮಗಾ, ನಾನು 71 ವರ್ಷದವನು, ಡಾಕ್ಟರಮ್ಮ ಹೇಳಿದ್ದು ಸರಿ ಇರಬಹುದು, ಆದರೆ ಒಂದೇ ಮನೆಯಲ್ಲಿ ಎರಡು ಮೂರು ಜನ ಹೀಗೆ ಹೋದರೆ ಅದಕ್ಕೆ ಪಿತೃಗಳ ಶಾಂತಿ ಆಗಿಲ್ಲ ಅಂತಲೇ ನಮ್ಮ ಹಿರಿಯರು ಹೇಳಿರೋದು. ಅಕಾಲ ಮರಣ ಆದವರಿಗೆ ನಾರಾಯಣ ಬಲಿ ಮಾಡಿಸಬೇಕು, ನಿಮ್ಮ ಮಾವನಿಗೆ ಮಾಡಿಸಿದ್ದೀರಾ ಇಲ್ಲವಾ ನೋಡಿ. ಅದು ಮುಗಿಸಿ ಮದುವೆ ಮಾತು ಮುಂದುವರಿಸಿ, ಮನಸ್ಸಿಗೂ ನೆಮ್ಮದಿ.

ಮಲ್ಲಿಗೆ_ಡಾಕ್ಟ್ರು:

ಅಜ್ಜ, ಮಾಡಿಸ್ಲಿ, ಅದರಲ್ಲಿ ತಪ್ಪೇನಿಲ್ಲ, ಹೋದವರ ಹೆಸರನ್ನ ಎಲ್ಲರೆದುರಿಗೆ ಎತ್ತಿ ಹೇಳೋದು ಎಷ್ಟೋ ಮನೆಗಳಲ್ಲಿ ಆ ಒಂದು ದಿನ ಮಾತ್ರ. ನನ್ನ ಕೋರಿಕೆ ಇಷ್ಟೇ, ಶಾಂತಿ ಮಾಡಿಸಿದ್ವಿ ಅಂತ ಯಾರೂ ಮಾತ್ರೆ ನಿಲ್ಲಿಸಬಾರದು, ಡಾಕ್ಟರ ಹತ್ರ ಹೋಗೋದನ್ನ ಮುಂದಕ್ಕೆ ಹಾಕಬಾರದು. ಇದಕ್ಕೆ ನೀವೂ ಹೂಂ ಅಂದ್ರೆ ನಿಮ್ಮ ಮಾತಿಗೆ ಊರಲ್ಲಿ ನನ್ನ ಮಾತಿಗಿಂತ ತೂಕ ಜಾಸ್ತಿ.

ಹಿರಿಯಜ್ಜ:

ಆಯಿತಮ್ಮ. ಮಾತ್ರೆ ನಿಲ್ಲಿಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ದೂರದೂರಿನವ ಉತ್ತರ:

ನಾನು ಹಾವೇರಿ ಕಡೆಯವನು, ಈಗ ಹನ್ನೆರಡು ವರ್ಷದಿಂದ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದೀನಿ. ಡಾಕ್ಟರ್ ಅಲ್ಲ, ಆದ್ರೆ ನಮ್ಮ ಮನೇಲೂ ಈ ನೋವಿದೆ ಹಾಗಾಗಿ ಸಿಕ್ಕಿದ್ದೆಲ್ಲ ಓದ್ಕೊಂಡಿದೀನಿ. ಈ ಪ್ರಶ್ನೆಗೆ ಸಂಬಂಧಪಟ್ಟ ಒಂದು ಅಧ್ಯಯನ ನಾನಿರೋ ಕಡೆಯೇ ನಡೆದಿದ್ದು.

ಇಲ್ಲಿ ಲ್ಯಾಂಕಾಸ್ಟರ್ ಅಂತ ಕೌಂಟಿ ಇದೆ, ಅಮಿಶ್ ಅನ್ನೋ ಪಂಗಡದವರು ಇರೋದು. ಈಗಲೂ ಕುದುರೆ ಗಾಡೀಲಿ ಓಡಾಡ್ತಾರೆ, ಕಂಬದ ಕರೆಂಟ್ ಮನೆಗೆ ಎಳ್ಕೊಳ್ಳಲ್ಲ, ಒಬ್ಬರ ಕೊಟ್ಟಿಗೆ ಸುಟ್ಟುಹೋದ್ರೆ ಊರೆಲ್ಲ ಸೇರಿ ಕಟ್ಟಿಕೊಡ್ತಾರೆ. ಮದುವೆ ಎಲ್ಲ ತಮ್ಮ ತಮ್ಮಲ್ಲೇ. ಯಾರ ಮಗ ಯಾರು ಅನ್ನೋದನ್ನ ತಲೆತಲಾಂತರದಿಂದ ಬರೆದಿಟ್ಟಿದಾರೆ. ಜಾನಿಸ್ ಈಗ್‌ಲ್ಯಾಂಡ್ ಅನ್ನೋ ಸಂಶೋಧಕಿ ವರ್ಷಗಟ್ಟಲೆ ಇವರ ಜೊತೆ ಒಡನಾಡಿ, 1985ರಲ್ಲಿ ಸಸೆಕ್ಸ್ ಅನ್ನೋರ ಜೊತೆ ಒಂದು ಲೇಖನ ಬರೆದ್ರು. 1880ರಿಂದ 1980, ನೂರು ವರ್ಷದಲ್ಲಿ ಆ ಸಮುದಾಯದಲ್ಲಿ ಆದ ಆತ್ಮಹತ್ಯೆ 26. ಅದರಲ್ಲಿ 24 ಜನಕ್ಕೆ ಬೈಪೋಲಾರ್ ಅಥವಾ ಡಿಪ್ರೆಶನ್ ಥರದ ಮೂಡ್ ಕಾಯಿಲೆ ಇತ್ತು. ಆ 26ರಲ್ಲಿ 73 ಪರ್ಸೆಂಟ್ ಬರೀ ನಾಲ್ಕು ಮನೆತನಗಳಲ್ಲಿ, ಆ ನಾಲ್ಕು ಮನೆತನ ಒಟ್ಟು ಜನಸಂಖ್ಯೆಯಲ್ಲಿ 16 ಪರ್ಸೆಂಟ್ ಮಾತ್ರ.

ಇಷ್ಟು ಓದಿ ನಾನು ಲ್ಯಾಪ್‌ಟಾಪ್ ಮುಚ್ಚಿಬಿಟ್ಟಿದ್ದೆ, ಮುಗೀತು ನಮ್ಮ ಕಥೆ ಅಂತ. ಎರಡು ದಿನ ಆದ್ಮೇಲೆ ಮುಂದಿನ ಸಾಲು ಓದಿದೆ. ಅದೇ ಸಮುದಾಯದಲ್ಲಿ ಬೇರೆ ಮನೆತನಗಳಲ್ಲೂ ಮೂಡ್ ಕಾಯಿಲೆ ಅಷ್ಟೇ ದಟ್ಟವಾಗಿತ್ತು, ತಲೆಮಾರಿನಿಂದ ತಲೆಮಾರಿಗೆ ಬಂದಿತ್ತು, ಆದ್ರೆ ಅಲ್ಲಿ ನೂರು ವರ್ಷದಲ್ಲಿ ಒಂದೂ ಆತ್ಮಹತ್ಯೆ ಇಲ್ಲ. ಅಂದ್ರೆ ಕಾಯಿಲೆ ಬರೋದು ಬೇರೆ, ಅದರಿಂದ ಪ್ರಾಣ ಹೋಗೋದು ಬೇರೆ. ಒಂದರ ಜೊತೆ ಇನ್ನೊಂದು ಬಂದೇ ಬರುತ್ತೆ ಅಂತಿಲ್ಲ. ನಂಗೆ ಆ ಸಾಲಿಂದ ಸಿಕ್ಕಿದ ಉಸಿರು ಇನ್ಯಾವುದರಿಂದಲೂ ಸಿಕ್ಕಿಲ್ಲ.

ಇವೆರಡು ಬೇರೆ ಬೇರೆ ಅನ್ನೋದಕ್ಕೆ ಡೆನ್ಮಾರ್ಕಲ್ಲಿ 1979ರಲ್ಲಿ ದತ್ತು ಮಕ್ಕಳ ಮೇಲೆ ಮಾಡಿದ್ದೂ ಇದೆ. ಆತ್ಮಹತ್ಯೆ ಮಾಡ್ಕೊಂಡ 57 ದತ್ತು ಮಕ್ಕಳು, ಅವರಿಗೆ ಹೋಲೋ ಹಾಗೆ ಬೇರೆ 57 ದತ್ತು ಮಕ್ಕಳು. ಮೊದಲನೇ ಗುಂಪಿನ ಹೆತ್ತ ಕಡೆ ನೆಂಟರು 269 ಜನರಲ್ಲಿ 12 ಆತ್ಮಹತ್ಯೆ, ಎರಡನೇ ಗುಂಪಿನ ಹೆತ್ತ ಕಡೆ 269ರಲ್ಲಿ 2. ಸಾಕಿದ ಕಡೆ ನೆಂಟರಲ್ಲಿ ಒಂದೂ ಇಲ್ಲ. ರಕ್ತದಲ್ಲಿ ಏನೋ ಇದೆ ಅನ್ನೋದು ಇದರಿಂದ ಗೊತ್ತಾಗುತ್ತೆ, ನೋಡಿ ಕಲಿತಿದ್ದು ಅಷ್ಟೇ ಅಲ್ಲ ಅನ್ನೋದೂ. ಹಾಗಂತ 269ರಲ್ಲಿ 257 ಜನ ಹಾಗೆ ಹೋಗಲಿಲ್ಲ, ಅದನ್ನೂ ಓದ್ಬೇಕು.

ಏನು ಹರಿದು ಬರುತ್ತೆ ಅಂತ ಕೇಳಿದ್ರೆ, ಪಿಟ್ಸ್‌ಬರ್ಗಲ್ಲಿ ಡೇವಿಡ್ ಬ್ರೆಂಟ್ ಅನ್ನೋ ವೈದ್ಯರು ಮೂಡ್ ಕಾಯಿಲೆ ಇರೋ 334 ಅಪ್ಪ ಅಮ್ಮಂದಿರ 701 ಮಕ್ಕಳನ್ನ ಐದಾರು ವರ್ಷ ಹಿಂಬಾಲಿಸಿ 2015ರಲ್ಲಿ ಬರೆದಿದಾರೆ. ಅಪ್ಪನೋ ಅಮ್ಮನೋ ಆತ್ಮಹತ್ಯೆ ಪ್ರಯತ್ನ ಮಾಡಿದ್ದ ಮನೆಗಳ ಮಕ್ಕಳಲ್ಲಿ ಅಂಥ ಪ್ರಯತ್ನ ಸುಮಾರು ಐದು ಪಟ್ಟು. ಅದರ ದಾರೀಲಿ ಅವರಿಗೆ ಕಂಡಿದ್ದು ಒಂದು ಮಕ್ಕಳಿಗೇ ಬಂದ ಮೂಡ್ ಕಾಯಿಲೆ, ಇನ್ನೊಂದು ದುಡುಕು, ಅಂದ್ರೆ ಸಿಟ್ಟು ಬಂದ ಕ್ಷಣ ಕೈ ಮುಂದೆ ಹೋಗಿಬಿಡೋ ಸ್ವಭಾವ. ಇವೆರಡಕ್ಕೂ ಚಿಕಿತ್ಸೆ ಇದೆ. ಮಕ್ಕಳು ಚಿಕ್ಕವರಿದ್ದಾಗಲೇ ಗಮನಿಸ್ಬಹುದು.

ಈಗ್‌ಲ್ಯಾಂಡ್ ತಂಡ 1987ರಲ್ಲಿ ಬೈಪೋಲಾರ್ ಜೀನ್ 11ನೇ ಕ್ರೋಮೋಸೋಮಲ್ಲಿದೆ ಅಂತ ಬರೆದು ದೊಡ್ಡ ಸುದ್ದಿ ಆಗಿತ್ತು. ಅದೇ ಕುಟುಂಬದ ಇನ್ನಷ್ಟು ಜನರನ್ನ ಸೇರಿಸಿ ನೋಡಿದಾಗ 1989ರಲ್ಲಿ ಅದು ನಿಲ್ಲಲಿಲ್ಲ. ಹಾಗಾಗಿ ಒಂದು ಜೀನ್ ಸಿಕ್ತು ಅಂತ ಪೇಪರಲ್ಲಿ ಬಂದಾಗಲೆಲ್ಲ ಸ್ವಲ್ಪ ಕಾಯಿರಿ.

ನಮ್ಮೂರಿಗೆ ಹೆಳವರು ಬಂದು ವಂಶ ಹೇಳ್ತಿದ್ರು, ಏಳು ತಲೆಮಾರು ಹೆಸರು ಹೆಸರಾಗಿ. ಯಾರ ಹೊಟ್ಟೇಲಿ ಯಾರು ಹುಟ್ಟಿದ್ರು ಅನ್ನೋದೆಲ್ಲ ಬರ್ತಿತ್ತು. ನಮ್ಮ ಕಾಕಾ ಹೇಗೆ ಹೋದ್ರು ಅನ್ನೋದು ಮಾತ್ರ ನಂಗೆ ಗೊತ್ತಾಗಿದ್ದು ಇಲ್ಲಿ ಡಾಕ್ಟರ್ ಫ್ಯಾಮಿಲಿ ಹಿಸ್ಟರಿ ಫಾರಂ ತುಂಬು ಅಂದಾಗ, ಅವ್ವನಿಗೆ ಫೋನ್ ಮಾಡಿ ಕೇಳಿದ ಮೇಲೆ.

ಗೋಡೆ_ಕ್ಯಾಲೆಂಡರ್ ಉತ್ತರ:

ತಮ್ಮಾ, ನಾ ಹುಬ್ಬಳ್ಳಿ ಕಡೆಯಾಂವ. ನನಗ ಬೈಪೋಲಾರ್ ಐತಿ, ಹನ್ನೊಂದ ವರ್ಷ ಆತು ಗುಳಿಗಿ ತಗೊಳ್ಳಾಕತ್ತು. ನಮ್ಮ ಅಪ್ಪಗೂ ಇತ್ತು, ಆದ್ರ ಆಗ ಯಾರಿಗೂ ಗೊತ್ತಿರಲಿಲ್ಲ, ಗಾಳಿ ಹಿಡದೈತಿ ಅಂತಿದ್ರು. ನನಗ 24 ಇದ್ದಾಗ ಒಂದ ರಾತ್ರಿ ಬಾಳ ಕೆಟ್ಟದಾತು, ಅಣ್ಣ ಬಂದು ಧಾರವಾಡದ ಮಾನಸಿಕ ಆಸ್ಪತ್ರಿಗೆ ಕರಕೊಂಡ ಹೋದ, ಡಿಮ್ಹಾನ್ಸ್‌ನ್ಯಾಗ ಅಡ್ಮಿಟ್ ಮಾಡಿದ್ರು. ಅದರ ಬಗ್ಗೆ ಅಷ್ಟ ಸಾಕು.

ಈಗ ನನ್ನ ಜೀವನ ಹೆಂಗೈತಿ ಹೇಳ್ತೀನಿ, ಯಾಕಂದ್ರ ನೀ ಗೂಗಲ್‌ನ್ಯಾಗ ಸತ್ತವರ ಲೆಕ್ಕ ಓದಿ, ಬದಕಿದವರು ಹೆಂಗ ಬದಕ್ಯಾರ ಅನ್ನೋದು ಅಲ್ಲಿ ಬರೂದಿಲ್ಲ. ಮೂರು ತಿಂಗಳಿಗೊಮ್ಮೆ ರಕ್ತ ಕೊಡ್ತೀನಿ, ರಾತ್ರಿ ಗುಳಿಗಿ ತಗೊಂಡು ಹನ್ನೆರಡು ತಾಸು ಆದಮ್ಯಾಲೆ, ಮುಂಜಾನಿ ಗುಳಿಗಿ ತಗೊಳ್ಳೂಕಿಂತ ಮುಂಚೆ. ಲಿಥಿಯಂ ಎಷ್ಟೈತಿ ನೋಡ್ತಾರ, ಆಮ್ಯಾಲೆ ಕಿಡ್ನಿ, ಥೈರಾಯ್ಡ್. ಬ್ಯಾಸಗ್ಯಾಗ ನೀರು ಜಾಸ್ತಿ ಕುಡೀಬೇಕು, ವಾಂತಿ ಭೇದಿ ಆದ್ರ ಲಗೂನ ಡಾಕ್ಟರಿಗೆ ಹೇಳಬೇಕು. ಕೈ ಸ್ವಲ್ಪ ನಡಗತೈತಿ, ಚಹಾದ ಕಪ್ ಬಸಿಮ್ಯಾಲೆ ಇಡುವಾಗ ಸಪ್ಪಳ ಆಕ್ಕೈತಿ. ಅದಕ್ಕ ರೂಢಿ ಆಗೇನಿ.

ನಮ್ಮ ಹೆಂಡತಿ ಅಡಗಿಮನಿ ಗೋಡೆಮ್ಯಾಲಿನ ಕ್ಯಾಲೆಂಡರ್‌ನ್ಯಾಗ ದಿನಾ ನಾ ಎಷ್ಟು ತಾಸು ಮಲಗೀನಿ ಅಂತ ಬರೀತಾಳ. ಹಾಲಿನ ಲೆಕ್ಕದ ಬಾಜೂಕ. ಏಳು, ಏಳು, ಆರೂವರಿ. ಐದು ಆತಂದ್ರ ನನ್ನ ಮುಖ ನೋಡ್ತಾಳ. ಎರಡು ದಿನ ನಾಲ್ಕು ಬಂತಂದ್ರ ನನಗ ಕೇಳೂದಿಲ್ಲ, ಡಾಕ್ಟರಿಗೆ ಫೋನ್ ಹಚ್ಚತಾಳ. ಹನ್ನೊಂದ ವರ್ಷದಾಗ ಮೂರು ಸಲ ಹಂಗ ಆಗೈತಿ, ಮೂರೂ ಸಲ ಗುಳಿಗಿ ಸ್ವಲ್ಪ ಬದಲಿ ಮಾಡಿ ಮನ್ಯಾಗ ಇದ್ದು ಆರಾಮ ಆದೆ, ಅಡ್ಮಿಟ್ ಆಗಲಿಲ್ಲ. ಮದುವಿಗೆ ಮುಂಚೆ ಆಕಿಗೆ ಎಲ್ಲಾ ಹೇಳಿದ್ದೆ. ಎರಡು ಸಂಬಂಧ ಅದರಿಂದ ಮುರದವು, ಮೂರನೇದು ಆಕಿ. ಆ ಎರಡು ಮುರದಾಗ ನಾ ಅತ್ತೀನಿ, ಖರೇ ಹೇಳ್ತೀನಿ, ಆದ್ರ ಮುಚ್ಚಿಟ್ಟು ಮದುವಿ ಆಗಿದ್ರ ಇವತ್ತು ಕ್ಯಾಲೆಂಡರ್‌ನ್ಯಾಗ ಬರಿಯಾವರು ಯಾರು?

ಇನ್ನೊಂದು. ಯಾರರೆ ಮನ್ಯಾಗ ಕುಗ್ಗಿದಂಗ ಕಂಡ್ರ ಬಾಯಿ ಬಿಟ್ಟು ಕೇಳ್ರಿ, ಸಾಯಬೇಕು ಅನಸಾಕತ್ತೈತೇನು ಅಂತ. ಕೇಳಿದ್ರ ಇಲ್ಲದ್ದು ತಲ್ಯಾಗ ತುಂಬಿದಂಗ ಆಕ್ಕೈತಿ ಅಂತ ಜನ ಅಂಜತಾರ, ಹಂಗಿಲ್ಲ. ನಮ್ಮ ಅಣ್ಣ ಅವತ್ತು ಕೇಳಿದ್ದಕ್ಕ ನಾ ಹೇಳಿದೆ.

ಮಲ್ಲಿಗೆ_ಡಾಕ್ಟ್ರು:

ಕ್ಯಾಲೆಂಡರ್ ವಿಷಯ ಓದಿ ಕಣ್ಣು ತುಂಬಿ ಬಂತು. ನಾಳೆ ಓಪಿಡಿಯಲ್ಲಿ ಇದನ್ನೇ ಹೇಳ್ತೀನಿ. ಒಂದು ಸೇರಿಸ್ತೀನಿ, ಹಲವು ಟ್ರಯಲ್‌ಗಳನ್ನ ಒಟ್ಟು ಹಾಕಿ 2013ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ ಮೂಡ್ ಕಾಯಿಲೆ ಇರೋರಲ್ಲಿ ಲಿಥಿಯಂ ಆತ್ಮಹತ್ಯೆ ಕಡಿಮೆ ಮಾಡುತ್ತೆ ಅಂತ ಬಂದಿತ್ತು. 2021ರಲ್ಲಿ ಅಮೆರಿಕದ ಮಾಜಿ ಸೈನಿಕರ ಮೇಲೆ, ಇದ್ದ ಚಿಕಿತ್ಸೆ ಜೊತೆಗೆ ಲಿಥಿಯಂ ಸೇರಿಸಿ ನೋಡಿದ ಟ್ರಯಲಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಎಲ್ಲರಿಗೂ ಇದೇ ಮದ್ದು ಅಂತ ಹೇಳಲ್ಲ, ಆದ್ರೆ ಬೈಪೋಲಾರ್‌ಗೆ ಹೊಂದಿಕೊಂಡವರು ಬಿಡಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಮತ್ತೆ ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರ, ಮೊದಲ ಮೂರು ತಿಂಗಳು ಅಪಾಯ ಜಾಸ್ತಿ ಇರೋ ಕಾಲ, ಹುಷಾರಾಗಿ ಬಂದ್ರು ಅಂತ ಒಬ್ಬರನ್ನೇ ಬಿಟ್ಟು ಎಲ್ಲರೂ ಕೆಲಸಕ್ಕೆ ಹೋಗ್ಬೇಡಿ, ಮಾತ್ರೆ ಎಲ್ಲ ಮನೆಯವರ ಕೈಯಲ್ಲಿರ್ಲಿ.

ಶಿವಮೊಗ್ಗ_ಅಕ್ಕ ಉತ್ತರ:

ನಾನು ನಿಮ್ಮ ಮಾವನ ಮಗಳ ಜಾಗದಲ್ಲಿ ಇದ್ದವಳು, ಅದಕ್ಕೇ ಬರೀತಿದೀನಿ.

ನಂಗೆ ಎಂಟು ವರ್ಷ ಇದ್ದಾಗ ಅಪ್ಪ ಹೋದ್ರು. ನಂಗೂ ಹಾರ್ಟ್ ಅಟ್ಯಾಕ್ ಅಂತಲೇ ಹೇಳಿದ್ರು. 24ನೇ ವಯಸ್ಸಲ್ಲಿ ಯಾರದ್ದೋ ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತಿದ್ದ ದೂರದ ಸಂಬಂಧಿ ಒಬ್ರು, ಪಾಪ ನಿಮ್ಮಪ್ಪ ಹಾಗೆ ಮಾಡ್ಕೋಬಾರದಿತ್ತು ಅಂದ್ರು. ಎಲೇಲಿ ಆಗಷ್ಟೇ ಪಾಯಸ ಬಡಿಸಿದ್ರು. ಎದ್ದು ಹೋಗೋ ಹಾಗೂ ಇಲ್ಲ, ತಿನ್ನೋ ಹಾಗೂ ಇಲ್ಲ. ಆಮೇಲೆ ಮನೇಲಿ ಹುಡುಕಿದಾಗ ಹಳೇ ಪೇಪರ್ ತುಂಡು ಸಿಕ್ತು, ಹೊಟ್ಟೆನೋವು ತಾಳಲಾರದೆ, ಜೀವನದಲ್ಲಿ ಜಿಗುಪ್ಸೆಗೊಂಡು ಅಂತ ನಾಲ್ಕು ಸಾಲು. ಅಪ್ಪನಿಗೆ ಹೊಟ್ಟೆನೋವು ಇರಲೇ ಇಲ್ಲ. ಪೊಲೀಸ್ ಕೇಸು, ಮರ್ಯಾದೆ, ನನ್ನ ಮದುವೆ, ಇದೆಲ್ಲಕ್ಕೆ ಹೆದರಿ ಬರೆಸಿದ ಹೊಟ್ಟೆನೋವು ಅದು.

ನಂಗೆ ಸಿಟ್ಟು ಬಂದಿದ್ದು ಅಪ್ಪನ ಮೇಲಲ್ಲ. ನಂಗೆ ಹತ್ತೊಂಬತ್ತು ಇಪ್ಪತ್ತರಲ್ಲಿ ಡಿಪ್ರೆಶನ್ ಆಗಿ ಎರಡು ವರ್ಷ ಓದು ಬಿಟ್ಟಿದ್ದೆ. ಡಾಕ್ಟರ್ ಹತ್ರ ಹೋದಾಗ ಮನೇಲಿ ಯಾರಿಗಾದ್ರೂ ಇತ್ತಾ ಅಂತ ಕೇಳಿದ್ರು, ಅಮ್ಮ ಪಕ್ಕದಲ್ಲೇ ಕೂತು ಇಲ್ಲ ಅಂದ್ರು. ನಾನೂ ಇಲ್ಲ ಅಂದೆ, ಗೊತ್ತಿದ್ರೆ ತಾನೇ. ಅವತ್ತು ಆ ಡಾಕ್ಟರಿಗೆ ಹೌದು ಅಂದಿದ್ರೆ ಅವರು ನನ್ನನ್ನ ನೋಡೋ ರೀತಿಯೇ ಬೇರೆ ಇರ್ತಿತ್ತು. ಸ್ವೀಡನ್ನಿನ ಒಂದು ದೊಡ್ಡ ಅಧ್ಯಯನ 2010ರಲ್ಲಿ ಬಂದಿದೆ, ಬಾಲ್ಯದಲ್ಲೋ ಹದಿಹರೆಯದಲ್ಲೋ ಹೀಗೆ ಅಪ್ಪ ಅಮ್ಮನ್ನ ಕಳ್ಕೊಂಡವರಿಗೆ, ದೊಡ್ಡವರಾದ ಮೇಲೆ ಕಳ್ಕೊಂಡವರಿಗಿಂತ ಅಪಾಯ ಜಾಸ್ತಿ ಅಂತ. ನಾವು ಚಿಕ್ಕವರಿದ್ದಾಗಲೇ ಯಾರಾದ್ರೂ ಕಣ್ಣಿಟ್ಟು ನೋಡ್ಕೋಬೇಕಿತ್ತು, ನೋಡ್ಕೊಳ್ಳೋದಿರ್ಲಿ, ಅಪ್ಪನ ಫೋಟೋ ಮುಂದೆ ಅಳೋಕೂ ಬಿಡ್ತಿರಲಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ, ಅವರಿಗೆ ಗೊತ್ತಾಗಲೇಬೇಕು, ಆದ್ರೆ ನಿಮ್ಮ ಬಾಯಿಂದ ಮೊದಲು ಬೇಡ. ಅದು ನಿಮ್ಮ ಅತ್ತೆ ಹೇಳ್ಬೇಕಾದ ಮಾತು. ನೀವು ಅಮ್ಮನ್ನ ಕರ್ಕೊಂಡು ಅತ್ತೆ ಹತ್ರ ಹೋಗಿ, ನಾದಿನಿ ಅತ್ತಿಗೆ ಇಬ್ರೇ ಕೂತು ಮಾತಾಡ್ಲಿ, ಹೆದರಿಕೆ ಇದ್ರೆ ಕೇಸ್ ಗೀಸ್ ಏನೂ ಇಲ್ಲ ಅಂತ ಹೇಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೆ ಆತ್ಮಹತ್ಯೆಗೆ ಪ್ರಯತ್ನಿಸಿದವರನ್ನ ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡ್ಬೇಕು, 2024ರ ಜುಲೈಯಿಂದ ಬಂದ ಹೊಸ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆ ಯತ್ನವನ್ನ ಅಪರಾಧ ಅಂತಿದ್ದ ಹಳೇ 309ನೇ ಕಲಂ ಇಲ್ಲ. ಹೇಳೋವಾಗ ನಿಮ್ಮಪ್ಪ ನಿಮ್ಮನ್ನ ಬಿಟ್ಟು ಹೋದ್ರು ಅನ್ನೋ ಮಾತು ಬರ್ಬಾರದು. ಕಾಯಿಲೆ ಇತ್ತು, ಅದಕ್ಕೆ ಹೆಸರಿತ್ತು, ಮಾತ್ರೆ ಇತ್ತು, ಆ ಕಾಯಿಲೆಯಿಂದ ತೀರ್ಕೊಂಡ್ರು, ಇಷ್ಟು ಹೇಳ್ಲಿ. ಹೇಳಿದ ದಿನವೇ ಮದುವೆ ಮಾತು ಎತ್ಬೇಡಿ.

ಕಲ್ಪತರು_29:

ಹದಿನೈದು ದಿನ ಆದ್ಮೇಲೆ ಬರೀತಿದೀನಿ, ಕ್ಷಮಿಸಿ. ಎಲ್ಲರ ಉತ್ತರನೂ ನಾಲ್ಕೈದು ಸಲ ಓದಿದೀನಿ, ಡಾಕ್ಟ್ರು ಅಮ್ಮನ ಬಗ್ಗೆ ಬರೆದಿದ್ದನ್ನ ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅಮ್ಮ ಕಾಯಿ ತುರೀತಾ ಕೂತಿದ್ರು, ತುರಿಯೋದು ನಿಲ್ಲಿಸಿ ಹಾಗೇ ಅತ್ತರು. ನಾನು ಹುಟ್ಟಿದಾಗಿಂದ ಅಮ್ಮ ಮಾವನಿಗೋಸ್ಕರ ಅತ್ತಿದ್ದು ನೋಡಿರಲಿಲ್ಲ.

ಹೋದ ಭಾನುವಾರ ಅತ್ತೆ ಮನೆಗೆ ಹೋಗಿದ್ವಿ. ಅಮ್ಮ ಅತ್ತೆ ಇಬ್ರೂ ಕೋಣೇಲಿ ಒಂದು ಗಂಟೆ ಮಾತಾಡಿ, ಆಮೇಲೆ ಅವಳನ್ನ ಒಳಗೆ ಕರೆದ್ರು. ನಾನು ಜಗಲಿ ಮೇಲೆ ಕೂತಿದ್ದೆ. ಅವಳು ಹೊರಗೆ ಬಂದು ನನ್ನ ಪಕ್ಕ ಕೂತು, ನಂಗೆ ನಾಲ್ಕನೇ ಕ್ಲಾಸಲ್ಲೇ ಗೊತ್ತಿತ್ತು, ಸ್ಕೂಲಲ್ಲಿ ಒಬ್ಬಳು ಜಗಳ ಆಡ್ವಾಗ ಹೇಳಿದ್ಲು, ಅಮ್ಮನಿಗೆ ಬೇಜಾರಾಗುತ್ತೆ ಅಂತ ನಾನು ಕೇಳಲೇ ಇಲ್ಲ ಅಂದ್ಲು. ಗೊತ್ತಿಲ್ದೇ ಇದ್ದಿದ್ದು ಕಾಯಿಲೆ ವಿಷಯ. ಇಷ್ಟು ದಿನ ಅಪ್ಪ ತನ್ನಿಂದ, ಮನೆ ಸಾಲದಿಂದ ಹೋದ್ರು ಅಂದ್ಕೊಂಡಿದ್ಲಂತೆ. ಲೆಕ್ಕದ ಪುಸ್ತಕ ಕೊಟ್ಟೆ. ಖಾಲಿ ಪುಟಗಳನ್ನೂ ಒಂದೊಂದಾಗಿ ತಿರುಗಿಸಿ ನೋಡಿದ್ಲು.

ಮದುವೆ ವಿಷಯ ಇನ್ನೂ ಏನೂ ತೀರ್ಮಾನ ಆಗಿಲ್ಲ, ಅವಳು ಸ್ವಲ್ಪ ಟೈಮ್ ಕೇಳಿದಾಳೆ, ನಾನೂ ಸರಿ ಅಂದೆ. ಮೊದಲು ಇಬ್ರೂ ಹೋಗಿ ಒಬ್ರು ಸೈಕಿಯಾಟ್ರಿಸ್ಟನ್ನ ನೋಡಿ ಬರ್ತೀವಿ, ಆಮೇಲೆ ಜೆನೆಟಿಕ್ ಕೌನ್ಸೆಲಿಂಗ್. ಅವಳೇ ಅಪಾಯಿಂಟ್‌ಮೆಂಟ್ ತಗೊಂಡಿದಾಳೆ, ಮುಂದಿನ ಗುರುವಾರ. ಏನೇನು ತಗೊಂಡು ಹೋಗ್ಬೇಕು ಹೇಳಿ.

ಮಲ್ಲಿಗೆ_ಡಾಕ್ಟ್ರು:

ಟ್ರಂಕಲ್ಲಿದ್ದ ಚೀಟಿಗಳೆಲ್ಲ, ತಾರೀಖಿನ ಪ್ರಕಾರ ಜೋಡಿಸಿ. ಲೆಕ್ಕದ ಪುಸ್ತಕ. ಒಂದು ಬಿಳಿ ಹಾಳೆಯಲ್ಲಿ ತಾತನ ತಲೆಮಾರಿಂದ ಶುರು ಮಾಡಿ ಮನೆತನದ ಮರ ಬರೀರಿ, ಯಾರಿಗೆ ಯಾವ ವಯಸ್ಸಲ್ಲಿ ಏನಾಯ್ತು, ಯಾರು ಕುಡೀತಿದ್ರು, ಯಾರು ಹುಷಾರಾದ್ರು, ತಾತನ ಅಣ್ಣನ್ನ ಬಿಡ್ಬೇಡಿ, ಏನೂ ಆಗದೇ ಇದ್ದವರ ಹೆಸರನ್ನೂ ಬರೀರಿ. ಅಜ್ಜಿ ಇದಾರಲ್ಲ, ಅವರನ್ನ ಕೂರಿಸ್ಕೊಂಡು ಕೇಳಿ, ಈ ಸಲ ಅಮ್ಮ ಮಾತು ತಿರುಗಿಸಲ್ಲ ಅನ್ಸುತ್ತೆ. ನಿಮ್ಮ ನಿದ್ದೆ ಹೇಗಿದೆ ಅದನ್ನೂ ಹೇಳಿ.

ಕಲ್ಪತರು_29:

ಅಜ್ಜಿ ಹತ್ರ ಇವತ್ತು ಸಂಜೆ ಕೂತ್ಕೋತೀವಿ. ನಿದ್ದೆ ನಿನ್ನೆ ಆರು ಗಂಟೆ ಆಯ್ತು.

ಗೋಡೆ_ಕ್ಯಾಲೆಂಡರ್:

ಬರದಿಡು ತಮ್ಮಾ.